ನಾನೂರ ಹನ್ನೆರಡು ಹೆಜ್ಜೆ

ಮಂಡಕ್ಕಿ ಭಟ್ಟಿಯಿಂದ ರೈಲ್ವೆ ಗೇಟಿಗೆ
ನಾನೂರ ಹನ್ನೆರಡು ಹೆಜ್ಜೆ.
ದಸ್ತಗೀರ್ ಸಾಬರು ಬಾಯಲ್ಲಿ ಎಣಿಸುವುದಿಲ್ಲ,
ಎಡಗೈ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಜಾರುತ್ತದೆ.
ಕಣ್ಣು ಹೋಗಿ ಒಂಬತ್ತು ವರ್ಷ.
ಹೊಟ್ಟಿನ ಹೊಗೆಯಿಂದ ಅಂತ ಹೆಂಡತಿ,
ಸಕ್ಕರೆ ಕಾಯಿಲೆಯಿಂದ ಅಂತ ಡಾಕ್ಟರು,
"ಎರಡೂ ಪಾಲು ಮಾಡ್ಕೊಂಡು ತಿಂದ್ವು ಬಿಡ್ರಿ" ಅಂತ ಅವರು.

ನಾನು ಮೂವತ್ತೊಂದು ವರ್ಷ ಹ್ಯಾಂಗರಿನಲ್ಲಿ
ವಿಮಾನದ ಹೊಟ್ಟೆ ಬಿಚ್ಚಿ ಮುಚ್ಚಿದವನು.
ಅಲ್ಲೊಂದು ಪೆಟ್ಟಿಗೆ, ಅಕ್ಕಿ ಡಬ್ಬಿಯಷ್ಟು.
ಕಿಟಕಿಯಿಲ್ಲ.
ಒಳಗೊಂದು ಗಾಜಿನ ತ್ರಿಕೋನ,
ಅದರ ಸುತ್ತ ಬೆಳಕು, ಬಲಕ್ಕೊಂದು ಎಡಕ್ಕೊಂದು.
ವಿಮಾನ ಹೊರಳಿದರೆ ಒಂದಕ್ಕೆ ದಾರಿ ಉದ್ದ, ಇನ್ನೊಂದಕ್ಕೆ ಗಿಡ್ಡ;
ಆ ಕೂದಲೆಳೆಯ ವ್ಯತ್ಯಾಸದಲ್ಲಿ ಅದಕ್ಕೆ ತಿರುವು ತಿಳಿಯುತ್ತದೆ.
ಬೆನ್ನಿಗೆ ಬಿದ್ದ ದೂಕನ್ನು ಕೂಡಿಸಿ ವೇಗ,
ವೇಗ ಕೂಡಿಸಿ ದೂರ.
ಹೊರಗಿನ ಯಾರನ್ನೂ ಕೇಳುವುದಿಲ್ಲ.

ಹೊರಡುವ ಮುನ್ನ ಮಾತ್ರ ಸುಮ್ಮನೆ ಕೂರಬೇಕು.
ಹತ್ತು ನಿಮಿಷ, ವಿಮಾನ ಕದಲಬಾರದು.
ನೆಲ ಯಾವ ಕಡೆ ಎಳೆಯುತ್ತದೆಂದು ಮೊದಲು ನೋಡಿಕೊಂಡು
ಆಮೇಲೆ ಭೂಮಿ ತಿರುಗುವುದನ್ನು ಆಲಿಸುತ್ತದೆ;
ಉತ್ತರ ಸಿಗುವುದು ಹಾಗೆ.
ಇದನ್ನು ಹೇಳಿದ ಸಂಜೆ
ಸಾಬರು ಬಹಳ ಹೊತ್ತು ಮಾತಾಡಲಿಲ್ಲ.
"ನಾನೂ ಕೂರ್ತೀನಲ್ರೀ, ಚಪ್ಪಲಿ ಮೆಟ್ಟೋಕ್ ಮುಂಚೆ,
ಕಟ್ಟಿ ಮ್ಯಾಲೆ.
ಭೂಮಿ ತಿರುಗಿದ್ದು ಮಾತ್ರ ಇನ್ನೂ ಕೇಳ್ಸಿಲ್ಲ."

ಆದರೆ ಕೂಡಿಸುತ್ತ ಹೋದವನಿಗೆ
ತಪ್ಪೂ ಕೂಡುತ್ತ ಹೋಗುತ್ತದೆ.
ಗಂಟೆಗೊಂದು ಮೈಲಿ ಸರಿದೀತು ಪೆಟ್ಟಿಗೆಯ ಊಹೆ,
ಸರಿದದ್ದು ಅದಕ್ಕೇ ಗೊತ್ತಿಲ್ಲ.
ಸಾಬರಿಗೂ ಮುನ್ನೂರರ ಹೊತ್ತಿಗೆ
ಮೋರಿ ಒಂದು ಮೊಳ ಹತ್ತಿರ ಬಂದಿರುತ್ತದೆ.

ಹಿಂದೆ ಮಿಲ್ಲಿನ ಸೈರನ್ ಇತ್ತು.
ಈಗ ನೂರ ಎಂಬತ್ತಕ್ಕೆ ನಿಂಗವ್ವನ ಮಿರ್ಚಿ ಬಾಣಲೆ,
ಇನ್ನೂರ ಎಪ್ಪತ್ತಕ್ಕೆ ಬೆಣ್ಣೆ ದೋಸೆಯ ಕಾವಲಿ,
ಮುಂದೆ ಗೇಟಿನ ಗಂಟೆ.
ಮೂರು ಕಡೆಯ ಸುದ್ದಿಯಿಂದ ಮನುಷ್ಯನಿಗೆ ತನ್ನ ಜಾಗ ಸಿಗುತ್ತದೆ.
ಉಪಗ್ರಹಗಳಾದರೆ ನಾಲ್ಕು ಬೇಕು,
ನಾಲ್ಕನೆಯದು ನಮ್ಮದೇ ಗಡಿಯಾರ ಕೆಟ್ಟಿರುವುದಕ್ಕೆ.
ಇಪ್ಪತ್ತು ಸಾವಿರ ಕಿಲೋಮೀಟರಿನಿಂದ ಇಳಿವ ಆ ದನಿ
ಪಕ್ಕದಲ್ಲಿ ಯಾರೋ ಕೆಮ್ಮಿದರೆ ಮುಳುಗುವಷ್ಟು ಸಣ್ಣದು.
ಅದರ ಧಾಟಿಯಲ್ಲೇ ಸುಳ್ಳು ಹೇಳುವವರೂ ಇದ್ದಾರೆ.

ಹೋದ ತಿಂಗಳು ರಸ್ತೆ ಅಗಲ ಮಾಡುವವರು
ನಿಂಗವ್ವನ ಗಾಡಿ ಎತ್ತಿ ಮೂವತ್ತು ಹೆಜ್ಜೆ ಈಚೆಗಿಟ್ಟರು.
ಸಾಬರಿಗೆ ಯಾರೂ ಹೇಳಲಿಲ್ಲ.
ನಾನೂ ಹೇಳಲಿಲ್ಲ.
ಬೆಂಚಿನ ಮೇಲಿಟ್ಟು ಅಲುಗಿಸಿ ನೋಡುವ ಹಳೇ ಚಟ.

ನೂರೈವತ್ತಕ್ಕೇ ಎಣ್ಣೆ ವಾಸನೆ.
ಹೆಬ್ಬೆರಳು ನಿಂತಿತು.
ಮೂಗಿನದೊಂದು ಲೆಕ್ಕ, ಕಾಲಿನದೊಂದು.
ಮೂರು ಹೆಜ್ಜೆಯ ಜಗಳವಾಗಿದ್ದರೆ
ಮೂಗಿನ ಮಾತು ನಡೆಯುತ್ತಿತ್ತು, ದಿನಾ ನಡೆಯುವ ಹಾಗೆ:
ಅಷ್ಟು ಕಾಲಿಗೆ, ಇಷ್ಟು ಮೂಗಿಗೆ, ನಡುವೆ ಎಲ್ಲೋ ಸಾಬರು.
ಮೂವತ್ತೆಂದರೆ ಬೇರೆ.
ಗದ್ದ ಎತ್ತಿ ಗಾಳಿ ಸೇದಿ ಹೇಳಿದರು,
"ನಾ ತಪ್ಪಿಲ್ಲ. ಆಕೀನೇ ಜರುಗ್ಯಾಳ."
ಮತ್ತೆ ನಡೆದರು, ಆ ವಾಸನೆ ಲೆಕ್ಕಕ್ಕಿಲ್ಲವೆಂಬಂತೆ.
ನಿಂಗವ್ವ ನನ್ನ ಕಡೆ ನೋಡಿದಳು.
ನಾನು ಚಪ್ಪಲಿ ನೋಡಿಕೊಂಡೆ.

ದೋಸೆ ಕಾವಲಿ ಇನ್ನೂರ ಎಪ್ಪತ್ತಕ್ಕೇ ಸಿಕ್ಕಿತು.

ನಮ್ಮೂರಿಗೆ ವಿಮಾನ ಇಳಿಯುವುದಿಲ್ಲ, ಹಾದುಹೋಗುತ್ತದೆ.
ಅವತ್ತೂ ಒಂದು ಹೋಯಿತು, ಮುಂಬಯಿ ಕಡೆಗೆ.
ಸಾಬರು ಸದ್ದಿಗೆ ಬೆರಳು ಮಾಡಿದರು.
"ಸದ್ದು ಹಿಂದೆ ಉಳೀತದ್ರೀ, ಅದು ಮುಂದ್ ಹೋಗೈತಿ" ಅಂದೆ.
ಬೆರಳು ಒಂದು ಗೇಣು ಪಡುವಣಕ್ಕೆ ಸರಿಸಿ
"ಇಷ್ಟು?" ಅಂದರು.
"ಅಷ್ಟು."

ಗೇಟಿನ ತಣ್ಣನೆ ಕಬ್ಬಿಣಕ್ಕೆ ಕೈ ತಾಗಿದಾಗ ನಾನೂರ ಒಂಬತ್ತು.
"ಮೂರು ಎಲ್ಲಿ ಹೋದ್ವು?" ಕೇಳಿದೆ.
"ನಿಮ್ ಜೊತಿ ಬಂದ್ರ
ಹೆಜ್ಜಿ ಉದ್ದ ಬೀಳ್ತಾವ."
ಹೆಬ್ಬೆರಳು ಮೊದಲ ಗೆಣ್ಣಿಗೆ ಬಂತು.